ಕಡಲಷ್ಟು ನೀರಿದ್ದರೂ ಸಿಹಿನೀರಿಗೆ ಯಾಕಿಷ್ಟು ಬರ?

ಭೂಮಿಯ ಮೇಲ್ಮೈಯಲ್ಲಿ ಶೇ 71ರಷ್ಟು ನೀರೇ ಇದೆ. ಹಾಗಿದ್ದೂ ಸುಮಾರು 400 ಕೋಟಿ ಜನ ವರ್ಷದಲ್ಲಿ ಒಂದು ತಿಂಗಳಾದರೂ ನೀರಿಗೆ ತೀವ್ರ ತತ್ವಾರ ಇರುವ ಜಾಗಗಳಲ್ಲಿ ಬದುಕುತ್ತಿದ್ದಾರೆ ಎಂದು 2016ರಲ್ಲಿ ಬಂದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಎರಡನ್ನೂ ಒಟ್ಟಿಗೆ ಕೇಳಿದರೆ ಯಾರಿಗಾದರೂ ಗೊಂದಲ ಆಗುತ್ತದೆ, ಅಲ್ವಾ? ಇಷ್ಟೊಂದು ನೀರು ಇಟ್ಟುಕೊಂಡು ನೀರಿಲ್ಲ ಎನ್ನುವುದು ಹೇಗೆ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದಿಷ್ಟು ಅಂಕಿಗಳು. ಭೂಮಿಯ ಒಟ್ಟು ನೀರು ಸುಮಾರು 138 ಕೋಟಿ ಘನ ಕಿಲೋಮೀಟರ್. ಅದರಲ್ಲಿ ಶೇ 97.5ರಷ್ಟು ಉಪ್ಪು. ಉಳಿದ ಸಿಹಿನೀರಿನಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಮಂಜುಗಡ್ಡೆಯಾಗಿ ಕೂತಿದೆ. ಅದರ ಬಹುಪಾಲು ಅಂಟಾರ್ಕ್ಟಿಕಾ ಮತ್ತು ಗ್ರೀನ್‌ಲ್ಯಾಂಡ್‌ನಲ್ಲಿದೆ. ಸಿಹಿನೀರಿನ ಶೇ 30ರಷ್ಟು ನೆಲದಡಿ ಇದೆ. ಕೆರೆ, ಸರೋವರ, ನದಿಗಳಲ್ಲಿ ಕಣ್ಣಿಗೆ ಕಾಣುವುದು ಶೇ 0.3ರಷ್ಟು ಮಾತ್ರ. ಅದರಲ್ಲೂ ಹೆಚ್ಚುಕಡಿಮೆ ಐದನೇ ಒಂದು ಭಾಗ ಸೈಬೀರಿಯಾದ ಬೈಕಲ್ ಎಂಬ ಒಂದೇ ಸರೋವರದಲ್ಲಿ ತುಂಬಿದೆ.

ಅಂಕಿಗಳು ಸರಿಯಾಗಿಯೇ ಇವೆ. ಆದರೆ ಅವು ನಮ್ಮ ಕೊರತೆಯನ್ನು ವಿವರಿಸುವುದಿಲ್ಲ. ನೂರು ವರ್ಷದ ಹಿಂದೆಯೂ ಭೂಮಿಯ ನೀರಿನ ಲೆಕ್ಕ ಹೆಚ್ಚುಕಡಿಮೆ ಇಷ್ಟೇ ಇತ್ತು. ಆಗ ಒಣಗದ ನದಿಗಳು ಈಗ ಒಣಗುತ್ತಿವೆ. ಹಾಗಾಗಿ ಎಷ್ಟು ನೀರಿದೆ ಎಂದು ಕೇಳಿದರೆ ಸಾಲದು. ವರ್ಷಕ್ಕೆ ಎಷ್ಟು ವಾಪಸ್ ಬರುತ್ತದೆ, ಎಲ್ಲಿ, ಯಾವಾಗ ಬರುತ್ತದೆ, ಬರುವ ಮೊದಲೇ ಅದನ್ನು ಯಾರ್‍ಯಾರಿಗೆ ಕೊಡುತ್ತೇವೆಂದು ಮಾತು ಕೊಟ್ಟಿದ್ದೇವೆ ಎಂಬುದನ್ನೂ ಕೇಳಬೇಕು.

ಕಡಲ ನೀರನ್ನೇ ಬಳಸಬಾರದೇ?

ಮೊದಲು ಈ ಪ್ರಶ್ನೆ ಮುಗಿಸೋಣ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡಕ್ಕೆ ಅಷ್ಟು ಉಪ್ಪಾದ ಮೂತ್ರ ತಯಾರಿಸುವ ಶಕ್ತಿ ಇಲ್ಲ. ಕುಡಿದ ಉಪ್ಪನ್ನು ಹೊರಗೆ ಹಾಕಲು ಕುಡಿದದ್ದಕ್ಕಿಂತ ಜಾಸ್ತಿ ನೀರು ಖರ್ಚಾಗುತ್ತದೆ. ಅದು ಮೈಯಿಂದಲೇ ಹೋಗಬೇಕು. ಹಾಗಾಗಿ ಕಡಲ ನೀರು ಕುಡಿದಷ್ಟೂ ಬಾಯಾರಿಕೆ ಏರುತ್ತದೆ, ಮೈ ಒಣಗುತ್ತದೆ. ಬೆಳೆಗಳ ಪಾಡೂ ಬೇರೆಯಲ್ಲ. ಬೇರಿನ ಸುತ್ತ ಉಪ್ಪು ಏರಿದರೆ ನೀರು ಒಳಗೆ ಹೋಗುವುದೇ ಕಷ್ಟ.

ಉಪ್ಪನ್ನು ಬೇರ್ಪಡಿಸುವ ವಿದ್ಯೆ ನಮ್ಮ ಬಳಿ ಇದೆ. 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಸೇರಿ ಒಂದು ತೆಳು ಪೊರೆ ತಯಾರಿಸಿದರು. ಉಪ್ಪುನೀರನ್ನು ಜೋರಾಗಿ ಒತ್ತಿದರೆ ಅದು ನೀರನ್ನು ಬಿಟ್ಟು ಉಪ್ಪನ್ನು ತಡೆಯುತ್ತಿತ್ತು. ಇಂದು ಮನೆಗಳಲ್ಲಿ ಆರ್‌ಓ ಎಂದು ಕರೆಯುವ ಯಂತ್ರದಲ್ಲೂ, ಕಡಲ ತೀರದ ದೊಡ್ಡ ಸ್ಥಾವರಗಳಲ್ಲೂ ಇರುವುದು ಅದೇ ತತ್ವ. ಜಗತ್ತಿನಲ್ಲಿ ಒಂದಲ್ಲ ಒಂದು ವಿಧಾನದಲ್ಲಿ ಉಪ್ಪು ತೆಗೆಯುವ ಸುಮಾರು 16,000 ಸ್ಥಾವರಗಳು ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರು ಕೊಡುತ್ತಿವೆ ಎಂದು 2019ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಕೊಟ್ಟರು. ಇವುಗಳಿಂದ ಹೊರಬೀಳುವ ಗಾಢ ಉಪ್ಪುನೀರು ಅದಕ್ಕಿಂತಲೂ ಜಾಸ್ತಿ.

ಹಾಗಾದರೆ ತೊಂದರೆ ಎಲ್ಲಿ? ಕರೆಂಟಿನಲ್ಲಿ. ಸಾವಿರ ಲೀಟರ್ ಕಡಲ ನೀರಿನ ಉಪ್ಪು ತೆಗೆಯಲು 3ರಿಂದ 4 ಯೂನಿಟ್ ವಿದ್ಯುತ್ ಬೇಕು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಇದು ದೊಡ್ಡ ಖರ್ಚಲ್ಲ. ಆದರೆ ಒಂದು ಕಿಲೋ ಗೋಧಿ ಬೆಳೆಯಲು ಮಳೆ ಮತ್ತು ನೀರಾವರಿ ಸೇರಿ ಜಾಗತಿಕ ಸರಾಸರಿಯಲ್ಲಿ ಸುಮಾರು 1,800 ಲೀಟರ್ ನೀರು ಬೇಕು. ಅಷ್ಟನ್ನೂ ಕಡಲಿಂದ ತಂದರೆ ಒಂದೊಂದು ಕಿಲೋ ಗೋಧಿಗೂ 6 ಯೂನಿಟ್ ಕರೆಂಟು ಉಪ್ಪು ತೆಗೆಯುವುದಕ್ಕೇ ಹೋಗುತ್ತದೆ. ಇಷ್ಟೇ ಅಲ್ಲ. ನೀರು ತುಂಬಾ ಭಾರ. ಸಾವಿರ ಲೀಟರ್ ಎಂದರೆ ಒಂದು ಟನ್. ಅದನ್ನು ಒಂದು ಕಿಲೋಮೀಟರ್ ಎತ್ತರದ ಪ್ರಸ್ಥಭೂಮಿಗೆ ಏರಿಸಲು, ಪಂಪಿನಲ್ಲಿ ಏನೂ ನಷ್ಟವಾಗದಿದ್ದರೂ, ಇನ್ನೂ 2.7 ಯೂನಿಟ್ ಬೇಕು. ಎಣ್ಣೆಯನ್ನು ಹಡಗಿನಲ್ಲಿ ತುಂಬಿ ಖಂಡದಿಂದ ಖಂಡಕ್ಕೆ ಕಳಿಸಬಹುದು, ಅದಕ್ಕೆ ಅಷ್ಟು ಬೆಲೆ ಇದೆ. ಹೊಲಕ್ಕೆ ಬೇಕಾದ ನೀರು ಆ ಖರ್ಚು ತಾಳುವುದಿಲ್ಲ.

ಹಾಗಾಗಿ ಕಡಲ ತೀರದ ನಗರಗಳಿಗೆ, ಕೈಯಲ್ಲಿ ದುಡ್ಡಿರುವ ದೇಶಗಳಿಗೆ ಈ ಸ್ಥಾವರಗಳು ಒಳ್ಳೆಯ ಆಸರೆ. ಒಳನಾಡಿನ ಹೊಲಗಳಿಗೆ ಅಲ್ಲ.

ಬರುವ ನೀರಿನ ಲೆಕ್ಕ

ಹೊಲಗಳು ಬದುಕಿರುವುದು ಸೂರ್ಯ ಪುಕ್ಕಟೆಯಾಗಿ ಉಪ್ಪು ತೆಗೆದು ಕೊಡುವ ನೀರಿನಿಂದ. ಕಡಲಿಂದ ಆವಿಯಾಗಿ ಮೇಲೆ ಹೋದ ನೀರು ಗಾಳಿಯಲ್ಲಿ ಇರುವುದು ಸರಾಸರಿ ಒಂಬತ್ತು ದಿನ. ಆಮೇಲೆ ಎಲ್ಲೋ ಒಂದು ಕಡೆ ಮಳೆಯಾಗಿ, ಹಿಮವಾಗಿ ಬೀಳುತ್ತದೆ. ನೆಲದ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 1,10,000 ಘನ ಕಿಲೋಮೀಟರ್. ಇದರಲ್ಲಿ 70,000ದಷ್ಟು ಮಣ್ಣು, ಕಾಡು, ಬೆಳೆಗಳಿಂದ ಮತ್ತೆ ಆವಿಯಾಗುತ್ತದೆ. ಮಿಕ್ಕ ಸುಮಾರು 40,000 ಘನ ಕಿಲೋಮೀಟರ್ ನದಿಗಳಲ್ಲಿ ಹರಿಯುತ್ತದೆ, ಸ್ವಲ್ಪ ನೆಲದಡಿ ಇಳಿಯುತ್ತದೆ.

ಈ 40,000ವನ್ನು ಜಗತ್ತಿನ 800 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 5,000 ಘನ ಮೀಟರ್ ಬರುತ್ತದೆ. ಸ್ವೀಡನ್ನಿನ ಜಲತಜ್ಞೆ ಮಾಲಿನ್ ಫಾಲ್ಕೆನ್‌ಮಾರ್ಕ್ ಹಾಕಿಕೊಟ್ಟ ಅಳತೆಯ ಪ್ರಕಾರ ತಲೆಗೆ 1,700 ಘನ ಮೀಟರ್‌ಗಿಂತ ಕಡಿಮೆಯಾದರೆ ನೀರಿನ ಒತ್ತಡ, 1,000ಕ್ಕಿಂತ ಕಡಿಮೆಯಾದರೆ ಕೊರತೆ. ಸರಾಸರಿ ನೋಡಿದರೆ ನಮ್ಮ ಬಳಿ ಬೇಕಾದದ್ದರ ಮೂರು ಪಟ್ಟು ಇದೆ! ಆದರೆ ಸರಾಸರಿಯನ್ನು ಯಾರೂ ಕುಡಿಯಲಾರರು. ಅಮೆಜಾನ್ ನದಿಯೊಂದೇ ಜಗತ್ತಿನ ನದಿಗಳೆಲ್ಲ ಕಡಲಿಗೆ ಸುರಿಯುವ ನೀರಿನ ಆರನೇ ಒಂದು ಭಾಗಕ್ಕೂ ಜಾಸ್ತಿ ಹೊತ್ತೊಯ್ಯುತ್ತದೆ. ಅದರ ದಂಡೆಯ ಉದ್ದಕ್ಕೂ ಇರುವುದು ಹೆಚ್ಚಾಗಿ ಕಾಡು. ಸೈಬೀರಿಯಾ, ಉತ್ತರ ಕೆನಡಾದ ದೊಡ್ಡ ನದಿಗಳ ಕಥೆಯೂ ಹೀಗೇ. ಇನ್ನು ಜನ ಇರುವ ಕಡೆ ನೀರು ಬರುವುದು ಕೆಲವೇ ವಾರಗಳ ಪ್ರವಾಹವಾಗಿ. ಮಳೆಗಾಲದಲ್ಲಿ ಮನೆ ಮುಳುಗಿಸಿದ ನದಿಯೇ ಬೇಸಿಗೆಯಲ್ಲಿ ಬರೀ ಮರಳು ತೋರಿಸುತ್ತದೆ. 1996ರಲ್ಲಿ ಅಮೆರಿಕದ ಜಲತಜ್ಞೆ ಸಾಂಡ್ರಾ ಪೋಸ್ಟೆಲ್ ಮತ್ತು ಸಂಗಡಿಗರು ಈ ಎರಡನ್ನೂ, ಅಂದರೆ ಕೈಗೆ ಸಿಗದ ಜಾಗದ ನೀರು ಮತ್ತು ಹಿಡಿಯಲಾಗದ ಪ್ರವಾಹವನ್ನು, ಕಳೆದು ನೋಡಿದರು. ಉಳಿದದ್ದು 12,500 ಘನ ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಮನುಷ್ಯರು ಆಗಲೇ ಒಂದಲ್ಲ ಒಂದು ರೀತಿ ಬಳಸುತ್ತಿದ್ದರು.

ಭೂಮಿ ಬಿಸಿಯಾದಂತೆ ಈ ಏರುಪೇರು ಇನ್ನೂ ಹೆಚ್ಚುತ್ತಿದೆ. ಒಂದು ಡಿಗ್ರಿ ಶಾಖ ಏರಿದರೆ ಗಾಳಿ ಹಿಡಿದುಕೊಳ್ಳಬಲ್ಲ ಆವಿ ಶೇ 7ರಷ್ಟು ಜಾಸ್ತಿಯಾಗುತ್ತದೆ. ಸುರಿದರೆ ಒಮ್ಮೆಲೇ ಸುರಿಯುತ್ತದೆ, ಸುರಿಯದಿದ್ದಾಗ ಅದೇ ಗಾಳಿ ಮಣ್ಣಿನ ತೇವವನ್ನು ಇನ್ನಷ್ಟು ಹೀರುತ್ತದೆ. ಬೆಟ್ಟದ ಹಿಮಕ್ಕೆ ಇನ್ನೊಂದು ಕೆಲಸವೂ ಇತ್ತು: ಚಳಿಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಡುವುದು. ಹಿಮದ ಬದಲು ಮಳೆ ಬಿದ್ದರೆ ವರ್ಷದ ಮೊತ್ತ ಅಷ್ಟೇ ಇದ್ದರೂ ನೀರು ಬೇಕಾದ ತಿಂಗಳಲ್ಲಿ ಇರುವುದಿಲ್ಲ. ಬೊಲಿವಿಯಾದ ಚಕಲ್ತಾಯ ಹಿಮನದಿ 2009ರ ಹೊತ್ತಿಗೆ ಪೂರ್ತಿ ಕರಗಿಹೋಯಿತು.

ಎಲೆಯ ಅಡಿಯಲ್ಲಿ ನಡೆಯುವ ಖರ್ಚು

ನೀರು ಉಳಿಸಿ ಎಂದಾಗ ನಮ್ಮ ಕಣ್ಣು ಹೋಗುವುದು ನಲ್ಲಿಯ ಕಡೆಗೆ. ನಲ್ಲಿ ಬಿಗಿಯಾಗಿ ಮುಚ್ಚುವುದು ಒಳ್ಳೆಯದೇ. ಆದರೆ ಮನುಷ್ಯರು ನದಿ, ಕೆರೆ, ನೆಲದಿಂದ ತೆಗೆಯುವ ನೀರಿನಲ್ಲಿ ಶೇ 70ರಷ್ಟು ಹೋಗುವುದು ಕೃಷಿಗೆ. ಮನೆಗಳ ಪಾಲು ಶೇ 12ರ ಆಸುಪಾಸು. ಇನ್ನೂ ಮುಖ್ಯವಾದ ವ್ಯತ್ಯಾಸ ಬೇರೆ ಇದೆ. ಮನೆಯಲ್ಲಿ ಬಳಸಿದ ನೀರು ಚರಂಡಿಗಾದರೂ ವಾಪಸ್ ಬರುತ್ತದೆ, ಶುದ್ಧ ಮಾಡಿ ಮತ್ತೆ ಬಳಸಬಹುದು. ಬೆಳೆ ಕುಡಿದ ನೀರು ಹಾಗಲ್ಲ, ಗಾಳಿಗೆ ಹೋಗುತ್ತದೆ.

ಇದು ರೈತರ ತಪ್ಪಲ್ಲ. ಒಂದು ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಇದು ಅರ್ಥವಾಗುತ್ತದೆ. ಎಲೆಯ ಅಡಿಯ ಸಿಪ್ಪೆಯಲ್ಲಿ ಸಾವಿರಾರು ಪುಟ್ಟ ರಂಧ್ರಗಳಿವೆ. ಪ್ರತಿ ರಂಧ್ರದ ಎರಡು ಪಕ್ಕದಲ್ಲೂ ತುಟಿಯಂಥ ಒಂದೊಂದು ಜೀವಕೋಶ. ಗಿಡಕ್ಕೆ ಆಹಾರ ತಯಾರಿಸಲು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕು. ಅದಕ್ಕಾಗಿ ರಂಧ್ರ ತೆರೆಯಲೇಬೇಕು. ಆದರೆ ಗಾಳಿಯ ಹತ್ತು ಸಾವಿರ ಕಣಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ನಾಲ್ಕರಷ್ಟು. ಎಲೆಯ ಒಳಗೋ ಪೂರ್ತಿ ತೇವ. ಆ ನಾಲ್ಕಕ್ಕಾಗಿ ಬಾಗಿಲು ತೆರೆದ ಕ್ಷಣವೇ ಒಳಗಿನ ನೀರು ಆವಿಯಾಗಿ ಹೊರಗೆ ಓಡುತ್ತದೆ. ಕಾರ್ಬನ್ ಡೈಆಕ್ಸೈಡ್‌ನ ಒಂದು ಕಣ ಒಳಗೆ ಬರಬೇಕಾದರೆ ನೀರಿನ ನೂರಾರು ಕಣ ಹೊರಗೆ ಹೋಗುತ್ತವೆ. ಮುಚ್ಚಿದರೆ ನೀರು ಉಳಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಈ ವ್ಯಾಪಾರವನ್ನು ತಪ್ಪಿಸಿಕೊಳ್ಳುವ ದಾರಿ ಯಾವ ಬೆಳೆಗೂ ಪೂರ್ತಿಯಾಗಿ ಸಿಕ್ಕಿಲ್ಲ.

ಒಬ್ಬ ಮನುಷ್ಯ ದಿನಕ್ಕೆ ಕುಡಿಯುವುದು ಎರಡು ಮೂರು ಲೀಟರ್. ಅವನ ದಿನದ ಊಟ ಬೆಳೆಯಲು ಬೇಕಾದದ್ದು 2,000ದಿಂದ 5,000 ಲೀಟರ್. ಬ್ರಿಟನ್ನಿನ ಭೂಗೋಳತಜ್ಞ ಟೋನಿ ಅಲನ್ ಊಟದಲ್ಲಿ ಅಡಗಿರುವ ಈ ಕಾಣದ ನೀರಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು, 2008ರಲ್ಲಿ ಅವರಿಗೆ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು. ಮಧ್ಯಪ್ರಾಚ್ಯದ ಒಣ ದೇಶಗಳು ನೀರಿಗಾಗಿ ಯುದ್ಧ ಮಾಡದೆ ಹೇಗೆ ಬದುಕಿವೆ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಸರಳ: ಅವು ಗೋಧಿ ಕೊಳ್ಳುತ್ತವೆ. ಒಂದು ಟನ್ ಗೋಧಿ ತರಿಸಿಕೊಂಡರೆ ಅದನ್ನು ಬೆಳೆಯಲು ಬೇಕಿದ್ದ ಸಾವಿರಾರು ಟನ್ ನೀರು ಉಳಿದಂತೆ.

ಬಡ್ಡಿ ಸಾಲದೆ ಅಸಲಿಗೆ ಕೈ

ಮೇಲಿನ ನೀರು ಸಾಲದಾದಾಗ ಮನುಷ್ಯ ನೆಲ ಕೊರೆಯುತ್ತಾನೆ. ಅಂತರ್ಜಲದಲ್ಲಿ ಮಳೆಯಿಂದ ವರ್ಷ ವರ್ಷ ಇಳಿಯುವ ಭಾಗವನ್ನು ಬಡ್ಡಿ ಅಂದುಕೊಂಡರೆ, ಸಾವಿರಾರು ವರ್ಷದಿಂದ ಕೂಡಿಬಂದದ್ದು ಅಸಲು. ಕಳೆದ ನೂರು ವರ್ಷದಲ್ಲಿ ಆದದ್ದು ಏನೆಂದರೆ, ಡೀಸೆಲ್ ಮತ್ತು ಕರೆಂಟ್ ಪಂಪು ಬಂದ ಮೇಲೆ ಎಷ್ಟೋ ಕಡೆ ಅಸಲನ್ನೇ ತಿನ್ನಲು ಶುರುಮಾಡಿದೆವು. ನೆಲದಡಿಯ ಲೆಕ್ಕ ಕಣ್ಣಿಗೆ ಕಾಣದ್ದರಿಂದ ಯಾರಿಗೂ ಭಯ ಆಗಲಿಲ್ಲ.

ಸೌದಿ ಅರೇಬಿಯಾ ಇದಕ್ಕೆ ಅತಿ ಸ್ಪಷ್ಟ ಉದಾಹರಣೆ. ಮರಳುಗಾಡಿನ ಕೆಳಗೆ, ಹಿಂದೆಂದೋ ಮಳೆ ಚೆನ್ನಾಗಿ ಬೀಳುತ್ತಿದ್ದ ಕಾಲದ ನೀರು ಇತ್ತು. 1970ರ ದಶಕದ ಕೊನೆಯಿಂದ ಸರ್ಕಾರ ಸಹಾಯಧನ ಕೊಟ್ಟು ಆ ನೀರಿನಲ್ಲಿ ಗೋಧಿ ಬೆಳೆಸಿತು. 1990ರ ದಶಕದ ಆರಂಭಕ್ಕೆ ಆ ದೇಶ ಜಗತ್ತಿನ ದೊಡ್ಡ ಗೋಧಿ ರಫ್ತುದಾರರ ಸಾಲಿಗೆ ಸೇರಿತ್ತು! ಆಮೇಲೆ ಬಾವಿಗಳು ಆಳಕ್ಕಿಳಿದವು, ಒರತೆಗಳು ಬತ್ತಿದವು. 2008ರಲ್ಲಿ ಗೋಧಿ ಕೃಷಿಯನ್ನು ಹಂತಹಂತವಾಗಿ ಕೈಬಿಡುವ ತೀರ್ಮಾನವಾಯಿತು. ಎಂಟು ವರ್ಷದ ನಂತರ ಸರ್ಕಾರ ಸ್ವಂತ ರೈತರಿಂದ ಗೋಧಿ ಕೊಳ್ಳುವುದನ್ನು ನಿಲ್ಲಿಸಿತು. ಹೋದ ನೀರು ಮಾತ್ರ ಯಾರ ಆಯುಷ್ಯದಲ್ಲೂ ವಾಪಸ್ ಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1977ರಲ್ಲಿ ತೆಗೆದ ಒಂದು ಫೋಟೋ ಇದೆ. ಜೋಸೆಫ್ ಪೋಲೆಂಡ್ ಎಂಬ ಭೂವಿಜ್ಞಾನಿ ಒಂದು ಕಂಬದ ಪಕ್ಕ ನಿಂತಿದ್ದಾರೆ. ಅವರ ಕಾಲ ಬಳಿ 1977 ಎಂಬ ಫಲಕ. ತಲೆಗಿಂತ ಎಷ್ಟೋ ಮೇಲೆ 1955 ಎಂಬ ಫಲಕ. ಕಂಬದ ತುದಿಯ ಹತ್ತಿರ, ಸುಮಾರು 9 ಮೀಟರ್ ಎತ್ತರದಲ್ಲಿ, 1925. ಅಂದರೆ 1925ರಲ್ಲಿ ನೆಲ ಇದ್ದದ್ದು ಅಲ್ಲಿ. ನೀರು ತೆಗೆದ ಹಾಗೆಲ್ಲ ಜೇಡಿಮಣ್ಣಿನ ಪದರಗಳು ಅಮುಕಿಕೊಂಡು ಕಣಿವೆಯ ದೊಡ್ಡ ಭಾಗದಲ್ಲಿ ನೆಲ ಕುಸಿಯಿತು. ಹೀಗೆ ಅಮುಕಿದ ಜೇಡಿಪದರ ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ನೀರಿನ ಜೊತೆ ನೀರಿಡುವ ಜಾಗವೂ ಹೋಯಿತು. ನನಗೆ ಇಡೀ ವಿಷಯದಲ್ಲಿ ಅತಿ ಸಂಕಟ ಕೊಡುವುದು ಇದೇ.

2002ರಲ್ಲಿ ಹಾರಿಬಿಟ್ಟ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದ ಸಣ್ಣ ವ್ಯತ್ಯಾಸ ಅಳೆದು ನೆಲದಡಿಯ ನೀರಿನ ಏರಿಳಿತ ತೋರಿಸಿದವು. ಜಗತ್ತಿನ 37 ಅತಿ ದೊಡ್ಡ ಜಲಪದರಗಳಲ್ಲಿ 21 ಸೊರಗುತ್ತಿವೆ ಎಂದು 2015ರಲ್ಲಿ ಗೊತ್ತಾಯಿತು. ಜಗತ್ತಿನಲ್ಲೇ ಅತಿ ಜಾಸ್ತಿ ಅಂತರ್ಜಲ ಎತ್ತುವ ದೇಶ ಭಾರತ, ಅಮೆರಿಕ ಮತ್ತು ಚೀನಾ ಎರಡೂ ಸೇರಿ ಎತ್ತುವುದಕ್ಕಿಂತ ಹೆಚ್ಚು. ಹೀಗೆ ನೆಲದಡಿ ಖಾಲಿಯಾದ ನೀರಿನ ಬಹುಪಾಲು ಕೊನೆಗೆ ಕಡಲು ಸೇರುತ್ತದೆ. 1993ರಿಂದ 2010ರ ನಡುವೆ ಹೀಗೆ ಜಾಗ ಬದಲಿಸಿದ ಸುಮಾರು 2.15 ಲಕ್ಷ ಕೋಟಿ ಟನ್ ಅಂತರ್ಜಲದ ತೂಕಕ್ಕೆ ಭೂಮಿ ತಿರುಗುವ ಧ್ರುವವೇ ಸುಮಾರು 80 ಸೆಂಟಿಮೀಟರ್ ಸರಿದಿದೆ ಎಂದು 2023ರ ಅಧ್ಯಯನ ಹೇಳಿತು.

ಇಲ್ಲದ ನೀರನ್ನು ಹಂಚಿದ ಕಥೆ

ಅಮೆರಿಕದ ಕೊಲರಾಡೊ ನದಿಯ ಒಪ್ಪಂದ ಆದದ್ದು 1922ರಲ್ಲಿ. ಏಳು ರಾಜ್ಯಗಳಿಗೆ ಒಟ್ಟು 1.5 ಕೋಟಿ ಎಕರೆ-ಅಡಿ ನೀರು ಹಂಚಿದರು. ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವ ನೀರೇ ಒಂದು ಎಕರೆ-ಅಡಿ. 1944ರಲ್ಲಿ ಮೆಕ್ಸಿಕೋಗೆ ಇನ್ನೂ 15 ಲಕ್ಷ ಸೇರಿತು. ಆದರೆ 1922ಕ್ಕೆ ಮೊದಲಿನ ಕೆಲವು ವರ್ಷಗಳು ವಿಪರೀತ ಮಳೆಯ ವರ್ಷಗಳಾಗಿದ್ದವು. ಅದನ್ನೇ ನದಿಯ ನಿತ್ಯದ ಹರಿವು ಎಂದು ನಂಬಿ ಹಂಚಿದ್ದರು. 2000ದಿಂದ ಈಚೆಗೆ ನದಿಯಲ್ಲಿ ಬರುತ್ತಿರುವುದು ಸರಾಸರಿ 1.2 ಕೋಟಿ ಎಕರೆ-ಅಡಿಯ ಆಸುಪಾಸು. ನದಿ ಕಡಲು ತಲುಪುವುದೇ ಅಪರೂಪ. 2022ರ ಬೇಸಿಗೆಯಲ್ಲಿ ಈ ನದಿಯ ಮೀಡ್ ಜಲಾಶಯ ಕಾಲು ಭಾಗದಷ್ಟಕ್ಕೆ ಇಳಿದಾಗ ದಶಕಗಳಿಂದ ಮುಳುಗಿದ್ದ ದೋಣಿಗಳು ಕೆಸರಿನಲ್ಲಿ ಎದ್ದು ಕಂಡವು. ಈ ನದಿಯಿಂದ ಮನುಷ್ಯರು ನೇರವಾಗಿ ಬಳಸಿ ಮುಗಿಸುವ ನೀರಿನಲ್ಲಿ ಶೇ 46ರಷ್ಟು ಹೋಗುವುದು ದನದ ಮೇವಿನ ಬೆಳೆಗಳಿಗೆ.

ಮಧ್ಯ ಏಷ್ಯಾದ ಅರಲ್ ಸಮುದ್ರ ಇನ್ನೂ ಹಳೆಯ ಗಾಯ. 1960ರಲ್ಲಿ ಅದು ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಹತ್ತಿ ಬೆಳೆಯಲು ಸೋವಿಯತ್ ಸರ್ಕಾರ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ತಿರುಗಿಸಿತು. ಐವತ್ತು ವರ್ಷದೊಳಗೆ ಸರೋವರದ ಹತ್ತರಲ್ಲಿ ಒಂದು ಪಾಲು ಉಳಿಯಿತು. ಮೊಯ್ನಾಕ್ ಎಂಬ ಬಂದರು ಊರಿನಲ್ಲಿ ಮೀನುಗಾರಿಕೆ ಹಡಗುಗಳು ಇಂದಿಗೂ ಮರಳಿನಲ್ಲಿ ತುಕ್ಕು ಹಿಡಿಯುತ್ತಿವೆ.

ಹನಿ ನೀರಾವರಿ ತಂದರೆ ಎಲ್ಲ ಸರಿಹೋಗುತ್ತದೆ ಎಂದು ಬಹಳ ಜನ ನಂಬುತ್ತಾರೆ. ಒಂದು ಹೊಲದ ಮಟ್ಟಿಗೆ ಅದು ನಿಜ. ಇಡೀ ನದಿಯ ಮಟ್ಟಿಗೆ ಹಾಗಲ್ಲ. ಹಿಂದೆ ಕಾಲುವೆಯಲ್ಲಿ ಸೋರಿ ‘ವ್ಯರ್ಥ’ವಾಗುತ್ತಿದ್ದ ನೀರಿನಲ್ಲಿ ಎಷ್ಟೋ ಪಾಲು ಕೆಳಗಿನ ಊರಿನ ಬಾವಿ ತುಂಬಿಸುತ್ತಿತ್ತು. ಹನಿ ಪೈಪು ಬಂದ ಮೇಲೆ ಉಳಿದ ನೀರಿನಲ್ಲಿ ರೈತ ಇನ್ನೂ ಎರಡು ಎಕರೆ ಜಾಸ್ತಿ ಬೆಳೆಯುತ್ತಾನೆ. ಯಾರಾದರೂ ಮಾಡುವುದು ಅದನ್ನೇ. ಇಳುವರಿ ಏರುತ್ತದೆ, ಆದರೆ ಗಾಳಿಗೆ ಹೋಗುವ ನೀರೂ ಏರುತ್ತದೆ. ಎಷ್ಟು ನೀರು ತೆಗೆಯಬಹುದು ಎಂಬ ಮಿತಿ ಇಲ್ಲದೆ ಬರೀ ಪೈಪಿಗೆ ಸಹಾಯಧನ ಕೊಟ್ಟರೆ ನದಿಗೆ ಏನೂ ಉಳಿಯುವುದಿಲ್ಲ.

ನೀರಿದ್ದೂ ನಲ್ಲಿಗೆ ಬಾರದ್ದು

ಈವರೆಗೆ ಹೇಳಿದ್ದು ನಿಜವಾಗಿ ನೀರು ಸಾಲದ ಜಾಗಗಳ ಮಾತು. ನೀರು ತುಂಬಿ ಹರಿಯುವಲ್ಲೂ ಬಿಂದಿಗೆ ಖಾಲಿ ಇರುವುದು ಬೇರೆಯೇ ಸಂಗತಿ. ಹರಿವಿನಲ್ಲಿ ಕಾಂಗೋ ನದಿಯದು ಜಗತ್ತಿನಲ್ಲಿ ಎರಡನೇ ಸ್ಥಾನ. ಅದರ ದಂಡೆಯಲ್ಲೇ ಇರುವ ಕಿನ್ಶಾಸಾ ನಗರದಲ್ಲಿ ಲಕ್ಷಾಂತರ ಜನರಿಗೆ ನಲ್ಲಿ ನೀರಿಲ್ಲ. ಅಲ್ಲಿ ಇಲ್ಲದ್ದು ಪೈಪು, ಶುದ್ಧೀಕರಣ, ಅದನ್ನು ನಡೆಸುವ ಹಣ. 2022ರಲ್ಲಿ ಜಗತ್ತಿನ 220 ಕೋಟಿ ಜನರಿಗೆ ಸುರಕ್ಷಿತವಾಗಿ ಪೂರೈಕೆಯಾಗುವ ಕುಡಿಯುವ ನೀರು ಇರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದವು. ಶುದ್ಧ ಕುಡಿಯುವ ನೀರು ಮನುಷ್ಯರ ಹಕ್ಕು ಎಂದು ವಿಶ್ವಸಂಸ್ಥೆ 2010ರಲ್ಲೇ ಒಪ್ಪಿತ್ತು. ಜಕಾರ್ತದಲ್ಲಿ ಪೈಪ್ ನೀರು ಎಲ್ಲರಿಗೂ ತಲುಪದ್ದರಿಂದ ಜನ ಬೋರ್‌ವೆಲ್ ಹಾಕಿದರು, ನಗರದ ಉತ್ತರ ಭಾಗ ಕುಸಿಯುತ್ತಾ ಕಡಲ ಮಟ್ಟಕ್ಕಿಂತ ಕೆಳಗಿಳಿಯಿತು.

ಮನಸ್ಸು ಮಾಡಿದರೆ ಆಗುವುದಿಲ್ಲ ಎಂದಲ್ಲ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೂ ಕೊಳಚೆ ನೀರನ್ನು ಶುದ್ಧಮಾಡಿ ಕುಡಿಯುವ ನೀರಿಗೆ ಸೇರಿಸುತ್ತಿದೆ. ಇಸ್ರೇಲ್ ತನ್ನ ಕೊಳಚೆ ನೀರಿನಲ್ಲಿ ಸುಮಾರು ಶೇ 90ನ್ನು ಹೊಲಗಳಿಗೆ ಹರಿಸುತ್ತದೆ. ಟೋಕಿಯೊದಲ್ಲಿ ಪೈಪಿನ ಸೋರಿಕೆ ಶೇ 3ರ ಆಸುಪಾಸಿನಲ್ಲಿದೆ. 2018ರಲ್ಲಿ ಕೇಪ್‌ಟೌನ್‌ನ ಜಲಾಶಯಗಳು ತಳ ಕಂಡಾಗ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದರು. ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಾಲಯಕ್ಕೆ ಹಾಕಿದರು. ಹೊಲಗಳ ಪಾಲನ್ನೂ ಕಡಿತ ಮಾಡಿದರು. ನಲ್ಲಿಗಳನ್ನು ಪೂರ್ತಿ ಮುಚ್ಚುವ ದಿನ ಬರಲಿಲ್ಲ. ಆದರೆ ಸಾಮೂಹಿಕ ನಲ್ಲಿಯಿಂದ ಹೊತ್ತು ತರುವ ಬಡಾವಣೆಯ ಜನ ಅದಕ್ಕೂ ಮೊದಲೇ ಅಷ್ಟೇ ನೀರಿನಲ್ಲಿ ಬದುಕುತ್ತಿದ್ದರು ಎಂಬುದನ್ನು ಮರೆಯಬಾರದು.

ನಗರಗಳ ದಾರಿ ಹೀಗೆ ಹೇಗೋ ಸಿಗುತ್ತದೆ. ಕಷ್ಟ ಇರುವುದು ಕೃಷಿಗೆ ಹೋಗುವ ಆ ಶೇ 70ರಲ್ಲಿ. ಅಲ್ಲಿ ಮಿತಿ ಹಾಕುವುದು ಎಂದರೆ ಕೆಲವು ಹೊಲಗಳು ನೀರು ಬಿಟ್ಟುಕೊಡಬೇಕು ಎಂದೇ ಅರ್ಥ. ಆಸ್ಟ್ರೇಲಿಯಾ ತನ್ನ ಮರ್ರೆ-ಡಾರ್ಲಿಂಗ್ ನದಿಗಳಲ್ಲಿ ಇದನ್ನು ನಿಜವಾಗಿ ಮಾಡಿನೋಡಿತು. 1995ರಲ್ಲಿ ತೆಗೆಯುವ ನೀರಿಗೆ ಮಿತಿ ಬಂತು. 2012ರ ಯೋಜನೆಯಡಿ ಸರ್ಕಾರ ರೈತರಿಂದ ನೀರಿನ ಹಕ್ಕನ್ನು ದುಡ್ಡು ಕೊಟ್ಟು ಕೊಂಡು ನದಿಗೆ ಬಿಟ್ಟಿತು. ನದಿಗೆ ಜೀವ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಸಿಕ್ಕಿದ್ದು ಹಕ್ಕು ಮಾರಿದ ರೈತನಿಗೆ. ಅವನ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನಿಗೆ, ಮಕ್ಕಳು ಕಡಿಮೆಯಾದ ಶಾಲೆಗೆ ಏನೂ ಸಿಗಲಿಲ್ಲ. ಆ ಊರುಗಳು ಸಿಟ್ಟಿಗೆದ್ದವು, ಕೊಳ್ಳುವುದಕ್ಕೆ ಮಿತಿ ಬಿತ್ತು, 2023ರಲ್ಲಿ ಕಾನೂನು ಬದಲಿಸಿ ಮತ್ತೆ ಶುರುಮಾಡಿದರು. ಜಗಳ ಇನ್ನೂ ಮುಗಿದಿಲ್ಲ. ಕೊಲರಾಡೊ ನದಿಯಲ್ಲಿ ನೀರು ಸಾಲದಾದಾಗ ಯಾರಿಗೆ ಎಷ್ಟು ಕಡಿತ ಎಂಬ ನಿಯಮಗಳ ಅವಧಿಯನ್ನು 2026ರವರೆಗೆ ಎಂದು ಇಟ್ಟಿದ್ದರು. ಅಲ್ಲೂ ಇದೇ ಪ್ರಶ್ನೆ ಎದುರಿಗಿದೆ: ಯಾರ ಹೊಲ ಬೀಳು ಬೀಳಬೇಕು, ಅಲ್ಲಿ ದುಡಿಯುವವರ ಹೊಟ್ಟೆಪಾಡಿಗೆ ಯಾರು ಹೊಣೆ? ನೀರಿನ ಲೆಕ್ಕ ಒಪ್ಪಿಸುವ ತಜ್ಞರು ಈ ಎರಡನೇ ಲೆಕ್ಕವನ್ನೂ ಅದೇ ಕಾಗದದಲ್ಲಿ ತರಬೇಕು. ಇಲ್ಲವಾದರೆ ಯಾವ ಊರೂ ಒಪ್ಪುವುದಿಲ್ಲ, ಒಪ್ಪಬೇಕೆಂದು ಕೇಳುವುದೂ ನ್ಯಾಯವಲ್ಲ.